ಸಿ ಡ್ರೈವ್ ಯಾಕೆ ಸಿ? ಗ್ಯಾರಿ ಕಿಲ್ಡಾಲ್ ಕಥೆ

ಮೊದಲು ನಮ್ಮ ತಪ್ಪನ್ನ ಒಪ್ಪಿಕೊಂಡುಬಿಡ್ತೀವಿ. ಲಗ್ಗೆರೆಯಲ್ಲಿ ನಮ್ಮ ಗೆಳೆಯನ ಅಪ್ಪ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಎಲ್ಲ ಒಂದೇ ಹಳೇ ಕಂಪ್ಯೂಟರಿನಲ್ಲಿ ಆಗಬೇಕು. ಅದರ ಹಳೇ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡೋಕೆ ಶುರು ಮಾಡಿತ್ತು. ಇಂಜಿನಿಯರಿಂಗ್ ಓದೋ ಹುಡುಗರು ಇದ್ದಾರಲ್ಲ ಅಂತ ಅಂಕಲ್ ಕೆಲಸವನ್ನ ನಮಗೆ ಒಪ್ಪಿಸಿದರು. ಒಂದು ಭಾನುವಾರ ನಾವು ಮೂವರು ಸೇರಿ, ಹಳೇ ಡಿಸ್ಕಿನಲ್ಲಿದ್ದ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ಕಾಪಿ ಮಾಡಿ, ಹಳೇದನ್ನ ಬಿಚ್ಚಿ, ಕೇಬಲ್‌ಗಳನ್ನ ಅಲ್ಲಿಂದ ಇಲ್ಲಿಗೆ ಬದಲಾಯಿಸಿ ಸ್ವಿಚ್ ಹಾಕಿದೆವು. ಕಪ್ಪು ಪರದೆ. ಬೂಟ್ ಆಗೋಕೆ ಯಾವ ಡಿಸ್ಕೂ ಇಲ್ಲ ಅನ್ನೋ ಒಂದೇ ಸಾಲು.

ವಿಂಡೋಸ್ ಇದ್ದಿದ್ದು ಎಸ್‌ಎಸ್‌ಡಿಯಲ್ಲಿ, ಅದನ್ನ ನಾವು ಮುಟ್ಟೇ ಇರಲಿಲ್ಲ. ಹಾಗಿದ್ದರೆ ಯಾಕೆ ಏಳ್ತಿಲ್ಲ? ಹಳೇದನ್ನ ವಾಪಸ್ ಹಾಕಿ ನೋಡೋಣ ಅಂದ್ರೆ, ಅದು ನಾಲ್ಕು ಸಲ ಟಕ್ ಅಂದು ಸುಮ್ಮನಾಯಿತು. ಬಯಾಸ್ ಪಟ್ಟಿಯಲ್ಲಿ ಅದರ ಹೆಸರೇ ಬರಲಿಲ್ಲ. ಸೋಮವಾರ ಬೆಳಿಗ್ಗೆ ಒಂದು ಮದುವೆ ಪತ್ರಿಕೆ ಪ್ರಿಂಟಿಗೆ ಹೋಗಬೇಕಿತ್ತು. ಅಂಕಲ್ ಏನೂ ಬೈಯಲಿಲ್ಲ, ಅದೇ ನಮಗೆ ಹೆಚ್ಚು ಕಷ್ಟ ಆಯಿತು. ರಾತ್ರಿ ಹನ್ನೊಂದರವರೆಗೂ ಆ ಬಯಾಸ್ ಪರದೆಯನ್ನೇ ನೋಡ್ತಾ ಕೂತವರಿಗೆ ಒಂದು ಪ್ರಶ್ನೆ ಬಂತು. ಈ ಬಯಾಸ್ ಅನ್ನೋ ಹೆಸರು ಇಟ್ಟವರು ಯಾರು? ಹುಡುಕಿದಾಗ ಸಿಕ್ಕಿದವರು ಗ್ಯಾರಿ ಕಿಲ್ಡಾಲ್. ಅವರು ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು, ನಾವ್ಯಾರೂ ಹುಟ್ಟೇ ಇರಲಿಲ್ಲ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವರ ತಾತ ಅಲ್ಲಿ ಹಡಗು ನಡೆಸೋರಿಗೆ ಪಾಠ ಹೇಳುವ ಒಂದು ಶಾಲೆ ಕಟ್ಟಿದ್ದರು. ಅಪ್ಪ ಅದರಲ್ಲೇ ಮೇಷ್ಟ್ರು, ಆಮೇಲೆ ಗ್ಯಾರಿಯೂ ಅಲ್ಲಿ ಪಾಠ ಮಾಡಿದರು. ಗಣಿತದ ಮೇಷ್ಟ್ರಾಗಬೇಕು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದವರು ಅಲ್ಲಿ ಕಂಪ್ಯೂಟರ್ ನೋಡಿ ದಾರಿ ಬದಲಾಯಿಸಿದರು. 1963ರಲ್ಲಿ ಹೈಸ್ಕೂಲಿನಿಂದ ಪರಿಚಯವಿದ್ದ ಡೊರೊಥಿ ಮೆಕ್‌ಯೂವನ್ ಜೊತೆ ಮದುವೆ. ವಿಯೆಟ್ನಾಂ ಯುದ್ಧದ ಕಾಲ ಅದು, ಸೈನ್ಯದ ಸೇವೆ ತಪ್ಪಿಸಿಕೊಳ್ಳೋ ಹಾಗಿರಲಿಲ್ಲ. ಆ ಸೇವೆಯ ಭಾಗವಾಗಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಶಾಲೆಗೆ ಮೇಷ್ಟ್ರಾಗಿ ಹೋದರು. 1972ರಲ್ಲಿ ಪಿಎಚ್‌ಡಿ ಮುಗಿಸಿದರು.

ಅದೇ ಹೊತ್ತಿಗೆ ಇಂಟೆಲ್ ಕಂಪನಿಯ 4004 ಚಿಪ್ ಮಾರುಕಟ್ಟೆಗೆ ಬಂದಿತ್ತು. ನಮ್ಮ ಮೈಕ್ರೋಪ್ರೊಸೆಸರ್ ಪುಸ್ತಕದ ಮೊದಲ ಪುಟದಲ್ಲಿ ಬರುತ್ತಲ್ಲ, ಅದೇ. ಟ್ರಾಫಿಕ್ ಸಿಗ್ನಲ್ಲು, ಕ್ಯಾಲ್ಕ್ಯುಲೇಟರು ಇಂಥ ಕೆಲಸಕ್ಕೆ ಸಾಕು ಅಂತ ಬೇರೆಯವರು ಅಂದುಕೊಂಡಿದ್ದ ಚಿಪ್ಪನ್ನ ಕಿಲ್ಡಾಲ್ ಪೂರ್ತಿ ಕಂಪ್ಯೂಟರ್ ಅಂತಲೇ ನೋಡಿದರು. ಇಂಟೆಲ್‌ಗೆ ಸಲಹೆಗಾರರಾಗಿ, 1973ರಲ್ಲಿ ಪಿಎಲ್/ಎಂ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿಕೊಟ್ಟರು. ಆದರೆ ಅದು ಓಡೋಕೆ ದೊಡ್ಡ ಕಂಪ್ಯೂಟರೇ ಬೇಕಿತ್ತು. ಸಣ್ಣ ಕಂಪ್ಯೂಟರಿನಲ್ಲೇ ಓಡಿಸಬೇಕು ಅಂದ್ರೆ ಫೈಲ್ ಇಡೋಕೆ ಜಾಗ ಬೇಕು. ಆಗ ಇದ್ದದ್ದು ರಂಧ್ರ ಹೊಡೆದ ಪೇಪರ್ ಟೇಪು, ಬಹಳ ನಿಧಾನ.

ಇಲ್ಲಿಂದ ನಮಗೆ ಕಥೆ ಹತ್ತಿರ ಆಗುತ್ತೆ. ಕಿಲ್ಡಾಲ್‌ಗೆ ಶುಗಾರ್ಟ್ ಕಂಪನಿಯಿಂದ ಒಂದು 8 ಇಂಚಿನ ಫ್ಲಾಪಿ ಡ್ರೈವ್ ಸಿಕ್ಕಿತು. ಬರೀ ಡ್ರೈವ್, ಅದನ್ನ ಕಂಪ್ಯೂಟರಿಗೆ ಜೋಡಿಸೋ ಕಂಟ್ರೋಲರ್ ಇರಲಿಲ್ಲ. ತಾವೇ ಮಾಡೋಕೆ ಹೋಗಿ ಸೋತರು. ಸಾಫ್ಟ್‌ವೇರಿನಲ್ಲಿ ಅಷ್ಟು ದೊಡ್ಡ ಮನುಷ್ಯ ತಂತಿ ಜೋಡಿಸೋದರಲ್ಲಿ ಸೋತರು ಅಂತ ಓದಿ ನಮಗೆ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಹೇಳಲ್ಲ. ಕೊನೆಗೆ ವಿಶ್ವವಿದ್ಯಾಲಯದ ಗೆಳೆಯ ಜಾನ್ ಟೊರೋಡ್ ಕಂಟ್ರೋಲರ್ ಮಾಡಿಕೊಟ್ಟರು. 1974ರಲ್ಲಿ, ಪೆಸಿಫಿಕ್ ಗ್ರೋವ್ ಊರಿನ ಕಿಲ್ಡಾಲ್ ಮನೆಯ ಹಿಂದಿನ ಸಣ್ಣ ಶೆಡ್ಡಿನಲ್ಲಿ, ಆ ಫ್ಲಾಪಿಯಿಂದ ಕಂಪ್ಯೂಟರ್ ಮೊದಲ ಸಲ ಎದ್ದಿತು. ಅದಕ್ಕೆ ಅವರು ಬರೆದಿದ್ದ ಆಪರೇಟಿಂಗ್ ಸಿಸ್ಟಮ್ಮೇ ಸಿಪಿ/ಎಂ. ಗಂಡ ಹೆಂಡತಿ ಸೇರಿ ಅದೇ ವರ್ಷ ಕಂಪನಿ ಶುರು ಮಾಡಿದರು. ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್! ಆಮೇಲೆ ಮೊದಲ ಪದ ಬಿಟ್ಟರು. ವ್ಯವಹಾರ ಎಲ್ಲ ನೋಡ್ಕೊಂಡಿದ್ದು ಡೊರೊಥಿ.

ಸಿಪಿ/ಎಂ ಬೇಕು ಅಂತ ಬಂದ ಪ್ರತಿ ಕಂಪನಿಯ ಡ್ರೈವ್ ಬೇರೆ, ಕಂಟ್ರೋಲರ್ ಬೇರೆ. ಪ್ರತಿ ಸಲ ಇಡೀ ಸಿಸ್ಟಮ್ಮನ್ನ ತಿದ್ದಬೇಕು. ಇಮ್ಸಾಯ್ ಅನ್ನೋ ಕಂಪನಿಯೂ ತನ್ನ ಕಂಪ್ಯೂಟರಿಗೆ ಕೇಳಿದಾಗ ಕಿಲ್ಡಾಲ್‌ಗೆ ಸಾಕಾಯಿತು. ಹಾರ್ಡ್‌ವೇರ್ ಮುಟ್ಟುವ ಕೋಡನ್ನೆಲ್ಲ ಒಂದು ಸಣ್ಣ ತುಂಡಾಗಿ ಬೇರೆ ಮಾಡಿ, ಅದಕ್ಕೆ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್, ಅಂದರೆ ಬಯಾಸ್ ಅಂತ ಹೆಸರಿಟ್ಟರು. ಹೊಸ ಮೆಷೀನ್ ಬಂದರೆ ಆ ತುಂಡು ಮಾತ್ರ ಬದಲಾಯಿಸಿ, ಉಳಿದದ್ದು ಹಾಗೇ ಇರಲಿ. ಈಗ ಕೇಳಿದರೆ ಇಷ್ಟೇನಾ ಅನಿಸುತ್ತೆ. ಆದರೆ ಬೇರೆ ಬೇರೆ ಕಂಪನಿಗಳ ನೂರಾರು ಮಾದರಿಯ ಕಂಪ್ಯೂಟರುಗಳಲ್ಲಿ ಒಂದೇ ಪ್ರೋಗ್ರಾಂ ಓಡೋಕೆ ಸಾಧ್ಯ ಆಗಿದ್ದು ಇದರಿಂದ.

ಡ್ರೈವ್‌ಗಳಿಗೆ ಅಕ್ಷರ ಕೊಡೋದನ್ನ ಸಣ್ಣ ಕಂಪ್ಯೂಟರಿಗೆ ತಂದಿದ್ದೂ ಸಿಪಿ/ಎಂ. ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಆ ಪದ್ಧತಿ ಮೊದಲೇ ಇತ್ತು. ಮೊದಲ ಫ್ಲಾಪಿ ಎ, ಎರಡನೇದು ಬಿ. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಸಿಕ್ಕಿದ್ದು ಸಿ. ಫ್ಲಾಪಿ ಹೋದರೂ ಎ, ಬಿ ಜಾಗ ಖಾಲಿ ಬಿದ್ದಿದೆ, ಊರು ಬಿಟ್ಟು ಹೋದವರ ಬೀಗ ಹಾಕಿದ ಮನೆ ಥರ.

ಈ ಅಕ್ಷರವೇ ನಮ್ಮನ್ನ ಆ ರಾತ್ರಿ ಕಾಡಿಸಿದ್ದು. ನಡೆದದ್ದು ಹೀಗೆ: ಹಿಂದೆ ಯಾವಾಗಲೋ ಎರಡೂ ಡಿಸ್ಕ್ ಜೋಡಿಸಿಟ್ಟುಕೊಂಡೇ ವಿಂಡೋಸ್ ಹಾಕಿದ್ದಾರೆ. ಆಗ ಎಬ್ಬಿಸುವ ಫೈಲುಗಳು ಹಳೇ ಹಾರ್ಡ್ ಡಿಸ್ಕಿನಲ್ಲಿ ಕೂತಿವೆ, ವಿಂಡೋಸ್ ಎಸ್‌ಎಸ್‌ಡಿಯಲ್ಲಿ. ಕೀಲಿ ಒಂದು ಮನೆಯಲ್ಲಿ, ಬೀಗ ಇನ್ನೊಂದು ಮನೆಯಲ್ಲಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪೆನ್ ಡ್ರೈವ್ ಮಾಡಿ, ಅದರಿಂದ ಬೂಟ್ ಮಾಡಿ, ರಿಪೇರಿ ಕಮಾಂಡ್ ಪ್ರಾಂಪ್ಟಿಗೆ ಹೋಗಿ, ಬಿಸಿಡಿಬೂಟ್ ಕಮಾಂಡಿಗೆ ಸಿ ಡ್ರೈವ್ ಅಂತ ಕೊಟ್ಟೆವು. ಎರರ್. ಮತ್ತೆ ಕೊಟ್ಟೆವು, ಮತ್ತೆ ಎರರ್. ಅರ್ಧ ಗಂಟೆ ಆದಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ ಪಟ್ಟಿ ತೆಗೆದು ನೋಡಿದ್ರೆ, ಪೆನ್ ಡ್ರೈವಿನಿಂದ ಎದ್ದಾಗ ಅಕ್ಷರಗಳು ಬೇರೆ! ಅಲ್ಲಿ ಸಿ ಅಂದ್ರೆ ಹೊಸ ಡಿಸ್ಕು, ವಿಂಡೋಸ್ ಇದ್ದದ್ದು ಡಿಯಲ್ಲಿ. ಎದ್ದ ಸಿಸ್ಟಮ್ ತನ್ನ ಲೆಕ್ಕದಲ್ಲಿ ಹಂಚೋ ಟೋಕನ್ ಅದು, ಡಿಸ್ಕಿನ ಮೇಲೆ ಬರೆದ ಹೆಸರಲ್ಲ. ಎಸ್‌ಎಸ್‌ಡಿಯ ಪಾರ್ಟಿಷನ್ನನ್ನ ಆಕ್ಟಿವ್ ಮಾಡಿ, ಬೂಟ್‌ಸೆಕ್ಟ್ ಕೊಟ್ಟು, ಬಿಸಿಡಿಬೂಟ್‌ಗೆ ಈ ಸಲ ಡಿ ಅಂತ ಹೇಳಿ, ಬಯಾಸ್‌ನಲ್ಲಿ ಎಸ್‌ಎಸ್‌ಡಿಯನ್ನ ಮೊದಲ ಸ್ಥಾನಕ್ಕೆ ತಂದೆವು. ವಿಂಡೋಸ್ ಲೋಗೋ ಬಂದಾಗ ಗಂಟೆ ಒಂದೂಕಾಲು.

ಕಿಲ್ಡಾಲ್ ಕಥೆಗೆ ಬರೋಣ. 1980ರಲ್ಲಿ ಐಬಿಎಂನವರು ತಮ್ಮ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಡಿಜಿಟಲ್ ರಿಸರ್ಚ್‌ಗೆ ಬಂದರು. ಅವತ್ತು ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸ್ತಾ ಇದ್ದರು, ಹಾಗಾಗಿ ಭಾಗ್ಯ ಕೈತಪ್ಪಿತು ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತೆ. ಅವರು ತಮ್ಮ ವಿಮಾನದಲ್ಲಿ ಹೋಗಿದ್ದು ನಿಜ, ಆದರೆ ಬಿಲ್ ಗಾಡ್‌ಬೌಟ್ ಅನ್ನೋ ಗ್ರಾಹಕರನ್ನ ಭೇಟಿ ಮಾಡೋಕೆ, ಕೆಲಸದ ಮೇಲೆ. ಗುಟ್ಟು ಬಿಡಬಾರದು ಅನ್ನೋ ಐಬಿಎಂನ ಒಪ್ಪಂದಕ್ಕೆ ಡೊರೊಥಿ ಸಹಿ ಹಾಕೋಕೆ ಹಿಂಜರಿದರು. ಮಧ್ಯಾಹ್ನ ಕಿಲ್ಡಾಲ್ ವಾಪಸ್ ಬಂದರು. ಒಳಗೆ ಏನು ಮಾತಾಯಿತು ಅನ್ನೋದರಲ್ಲಿ ಇದ್ದವರೇ ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ. ಒಟ್ಟಿನಲ್ಲಿ ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟ್ ಕಡೆ ತಿರುಗಿತು. ಸಿಪಿ/ಎಂ ಮಾದರಿಯಲ್ಲೇ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಮ್ಮನ್ನ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಅದೇ ಡಾಸ್ ಆಯಿತು. 1981ರಲ್ಲಿ ಐಬಿಎಂ ಪಿಸಿ ಬಂತು. ಕಿಲ್ಡಾಲ್ ತಕರಾರು ಮಾಡಿದ ಮೇಲೆ ಸಿಪಿ/ಎಂ ಕೂಡ ಮಾರೋಕೆ ಐಬಿಎಂ ಒಪ್ಪಿತು, ಆದರೆ ಡಾಸ್ 40 ಡಾಲರ್, ಸಿಪಿ/ಎಂ 240 ಡಾಲರ್. ಯಾರು ಯಾವುದನ್ನ ತಗೊಂಡರು ಅಂತ ಹೇಳಬೇಕಾ? ನಮ್ಮ ಪ್ರಕಾರ ಆ ವಿಮಾನಕ್ಕಿಂತ ಈ ಬೆಲೆಯೇ ಅವರನ್ನ ಮುಳುಗಿಸಿದ್ದು.

ಅವರನ್ನ ಸೋತವರು ಅಂತ ಮಾತ್ರ ಬರೆಯೋದು ನಮಗೆ ಇಷ್ಟ ಇಲ್ಲ. 1980ರ ದಶಕದಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಕೂತು ಜನರಿಗೆ ಕಂಪ್ಯೂಟರ್ ಪರಿಚಯ ಮಾಡಿಸಿದರು. ಪ್ರತಿಸ್ಪರ್ಧಿ ಕಂಪನಿಗಳ ಸಾಫ್ಟ್‌ವೇರನ್ನೂ ಅಲ್ಲಿ ತೋರಿಸ್ತಿದ್ದರು. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನ ಸಿಡಿಗೆ ತಂದಿತು. 1991ರಲ್ಲಿ ಡಿಜಿಟಲ್ ರಿಸರ್ಚನ್ನ ನೊವೆಲ್ ಕೊಂಡುಕೊಂಡಿತು.

ದುಡ್ಡಿಗೆ ಕೊರತೆ ಇರಲಿಲ್ಲ, ಆದರೆ ಡೊರೊಥಿ ಜೊತೆಗಿನ ಮದುವೆ ಮುರಿದಿತ್ತು, ಕುಡಿತ ಹೆಚ್ಚಿತ್ತು. ಹೋದಲ್ಲೆಲ್ಲ ಐಬಿಎಂ, ವಿಮಾನ ಅಂತ ಅದೇ ಪ್ರಶ್ನೆ. 1993ರಲ್ಲಿ ತಮ್ಮ ಜೀವನದ ಬಗ್ಗೆ ಬರೆದು ಮನೆಯವರಿಗೆ, ಗೆಳೆಯರಿಗೆ ಮಾತ್ರ ಹಂಚಿದರು. 1994ರ ಜುಲೈನಲ್ಲಿ ಮಾಂಟೆರೆಯ ಒಂದು ಬಾರಿನಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನದ ನಂತರ, 11ರಂದು ತೀರಿಕೊಂಡರು. ವಯಸ್ಸು 52. ಪೆಟ್ಟು ಹೇಗಾಯಿತು ಅನ್ನೋದು ಸರಿಯಾಗಿ ಬಗೆಹರಿಯಲೇ ಇಲ್ಲ. ಸಿಯಾಟಲ್‌ನಲ್ಲೇ ಮಣ್ಣಾದರು.

2014ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಕಂಪನಿಯ ಹಳೇ ಆಫೀಸಿದ್ದ ಮನೆಯ ಮುಂದೆ ಐಇಇಇಯವರು ಒಂದು ಫಲಕ ಹಾಕಿದರು. 2016ರಲ್ಲಿ ಮಕ್ಕಳ ಒಪ್ಪಿಗೆಯಿಂದ ಆ ಬರಹದ ಮೊದಲ ಭಾಗವನ್ನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಹೊರಗೆ ತಂದಿತು. ಲಗ್ಗೆರೆಯ ಮದುವೆ ಪತ್ರಿಕೆ ಸೋಮವಾರ ಹತ್ತು ಗಂಟೆಗೆ ಪ್ರಿಂಟಿಗೆ ಹೋಯಿತು. ಹಳೇ ಡಿಸ್ಕ್ ಈಗ ಅಂಗಡಿಯಲ್ಲಿ ಪೇಪರ್ ಹಾರದ ಹಾಗೆ ಇಡೋಕೆ ಬರ್ತಿದೆ.