ಸಮರಪರಶುರಾಮ ಚಾವುಂಡರಾಯ

ಕೊಯಮತ್ತೂರು, ತಿರುಪ್ಪೂರು ಸೀಮೆಯನ್ನೊಳಗೊಂಡ ಕೊಂಗುನಾಡಿಗೂ ತಲಕಾಡಿನ ಗಂಗ ಅರಸರಿಗೂ ಪ್ರಾಚೀನ ಕಾಲದಿಂದ ನಿಕಟ ಸಂಬಂಧವಿತ್ತು. ಆ ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನ ಪುಣ್ಯಸ್ಮರಣೆಯು ಈ ಭಾಗದ ಶ್ರಾವಕ ಕುಟುಂಬಗಳಿಗೆ ವಿಶೇಷವಾಗಿ ಸಲ್ಲತಕ್ಕದ್ದು.

ಬ್ರಹ್ಮಕ್ಷತ್ರಿಯ ವಂಶದಲ್ಲಿ ಜನಿಸಿದ ಚಾವುಂಡರಾಯನು ಇಮ್ಮಡಿ ಮಾರಸಿಂಹ ಹಾಗೂ ನಾಲ್ವಡಿ ರಾಚಮಲ್ಲರ ಸೇವೆಯಲ್ಲಿ ಅನೇಕ ಯುದ್ಧಗಳನ್ನು ಗೆದ್ದನು. ಖೇಡಗದ ಕಾಳಗದಲ್ಲಿ ಸಮರಧುರಂಧರ, ಗೋನೂರಿನಲ್ಲಿ ನೊಳಂಬರನ್ನು ಸೋಲಿಸಿ ವೀರಮಾರ್ತಾಂಡ, ಉಚ್ಚಂಗಿಯಲ್ಲಿ ರಣರಂಗಸಿಂಗ ಎಂಬ ಬಿರುದುಗಳನ್ನು ಪಡೆದನು. ಸಮರಪರಶುರಾಮ ಎಂಬ ಬಿರುದಿನ ಹಿಂದೆ ಮಾತ್ರ ಮನೆಯ ದುಃಖವೊಂದಿದೆ. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ವಧಿಸಿದ್ದರಿಂದ ಬಂದ ಬಿರುದು ಅದು. ಹಗೆ ತೀರಿತು, ತಮ್ಮನು ಮರಳಲಿಲ್ಲ.

ಖಡ್ಗ ಹಿಡಿದ ಕೈ ಕಂಠವನ್ನೂ ಹಿಡಿಯಿತು. ಅಜಿತಸೇನಾಚಾರ್ಯರ ಶಿಷ್ಯನಾದ ಆತನು 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಸಂಸ್ಕೃತದಲ್ಲಿ ಚಾರಿತ್ರಸಾರವನ್ನು ಬರೆದನು. ಕವಿ ರನ್ನನಿಗೆ ಆಶ್ರಯ ನೀಡಿದನು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರಕ್ಕೆ ಆ ಹೆಸರು ಬಂದದ್ದು ಗೊಮ್ಮಟನೆಂದೂ ಕರೆಯಲ್ಪಡುತ್ತಿದ್ದ ಈ ಶಿಷ್ಯನಿಂದಲೇ.

ತಾಯಿ ಕಾಳಲಾದೇವಿಯು ಪೌದನಪುರದ ಬಾಹುಬಲಿಯ ದರ್ಶನವನ್ನು ಬಯಸಿದಳೆಂದೂ, ಆಕೆಯ ಹರಕೆಯನ್ನು ಪೂರೈಸಲು ಮಗನು ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಮೂರ್ತಿಯನ್ನು ಕಡೆಸಿದನೆಂದೂ ಪರಂಪರೆಯು ಹೇಳುತ್ತದೆ. 981ರಲ್ಲಿ ಪ್ರತಿಷ್ಠೆಗೊಂಡಿತೆನ್ನಲಾಗುವ ಆ ಏಕಶಿಲಾಮೂರ್ತಿಯ ಎತ್ತರ ಸುಮಾರು 58 ಅಡಿ. ತಮ್ಮನಿಗಾಗಿ ಹಗೆ ತೀರಿಸಿದ ವೀರನು ಬೆಟ್ಟದ ಮೇಲೆ ನಿಲ್ಲಿಸಿದ್ದು, ಅಣ್ಣ ಭರತನನ್ನು ಗೆದ್ದೂ ಎತ್ತಿದ ಕೈಯನ್ನು ತಡೆದು ರಾಜ್ಯವನ್ನು ತ್ಯಜಿಸಿದ ತಮ್ಮನನ್ನು. ಅವನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ವಿಜಯ ಬೇರೊಂದಿಲ್ಲ.

ಆತನ ಮನೆಯವರೂ ಧರ್ಮಮಾರ್ಗದಲ್ಲೇ ನಡೆದರು. ಮಗ ಜಿನದೇವಣನು ಬೆಳಗೊಳದಲ್ಲಿ ಜಿನಾಲಯವನ್ನು ಮಾಡಿಸಿದನು. ತಂಗಿಯು ಸಲ್ಲೇಖನದಿಂದ ದೇಹತ್ಯಾಗ ಮಾಡಿದ್ದು ಕೊಂಗುನಾಡಿನಲ್ಲಿಯೇ. ತಿರುಪ್ಪೂರಿನ ನೆರೆಯ ಈರೋಡು ಜಿಲ್ಲೆಯ ವಿಜಯಮಂಗಲದ ಚಂದ್ರಪ್ರಭ ಬಸದಿಯಲ್ಲಿ ಆಕೆಯ ನಿಸಿಧಿಯ ಶಾಸನವಿದೆ. ಬೆಳಗೊಳಕ್ಕೆ ಯಾತ್ರೆ ಹೊರಡುವ ಇಲ್ಲಿನ ಶ್ರಾವಕರು ಅಣ್ಣನ ಮೂರ್ತಿಗೆ ಮೊದಲು ತಂಗಿಯ ಕಲ್ಲಿಗೆ ನಮಿಸಿ ಹೋಗಬಹುದು.

ಗೊಮ್ಮಟನ ಪಾದದ ಬಳಿ, ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಈ ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಮನೆಯಲ್ಲಿ ಆಡುವ ನುಡಿ ಬೇರೆಯಾದರೂ ಕೈಮುಗಿಯುವ ಪಾದ ಒಂದೇ ಎಂಬುದಕ್ಕೆ ಆ ಬರಹವೇ ಸಾಕ್ಷಿ. ಒಡಹುಟ್ಟಿದವರೊಡನೆ ಮನಸ್ತಾಪವಿರುವವರು ಈ ಉತ್ಸವದಲ್ಲಿ ಒಬ್ಬರನ್ನೊಬ್ಬರು ಕ್ಷಮಿಸಿದರೆ, ಅದೇ ಆ ಮಹಾಪುರುಷನಿಗೆ ನಾವು ಸಲ್ಲಿಸುವ ನಿಜವಾದ ನಮನ.

ಜೈ ಜಿನೇಂದ್ರ.