ಕ್ರಿಕೆಟ್ ವೀರ ಬಾಳೂ ಪಾಲವಣಕರ

ತುಂಗಭದ್ರೆಯ ನಡುವಿನ ನಮ್ಮ ವಿರೂಪಾಪುರಗಡ್ಡೆಯಲ್ಲಿ ಬಂಡೆಗಳನ್ನೂ ಬತ್ತದ ಗದ್ದೆಗಳನ್ನೂ ಬಿಟ್ಟರೆ ಸಮತಟ್ಟಾದ ನೆಲ ಕಡಮೆ. ಸುಗ್ಗಿ ಮುಗಿದ ಗದ್ದೆಯಲ್ಲಿಯೇ ನಾವು ಹುಡುಗರು ಟೆನ್ನಿಸ್ ಚೆಂಡಿನಿಂದ ಕ್ರಿಕೆಟ್ ಆಡಿ ಬೆಳೆದವರು. ಆಟಕ್ಕೆ ಮೊದಲು ಕೂಳೆ ಕಿತ್ತು, ಹೆಂಟೆ ಒಡೆದು, ನೆಲ ಸರಿಮಾಡುವ ಕೆಲಸ ಯಾವಾಗಲೂ ನಮ್ಮ ಓಣಿಯವರ ಪಾಲಿಗೆ ಬರುತ್ತಿತ್ತು. ಬ್ಯಾಟು ಹಿಡಿಯುವ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆದುದರಿಂದಲೇ ಏನೋ, ಅಂಗಳ ಹದಮಾಡುವ ಆಳಾಗಿ ಸೇರಿ, ತನ್ನ ಕಾಲದ ಹಿಂದುಸ್ಥಾನದ ಶ್ರೇಷ್ಠ ಬೌಲರರಲ್ಲಿ ಒಬ್ಬರೆನಿಸಿದ ಬಾಳೂ ಪಾಲವಣಕರರ ಜೀವನ ನನ್ನ ಮನಸ್ಸನ್ನು ಸೆಳೆಯಿತು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

1870ರ ದಶಕದ ನಡುವಣ ವರ್ಷಗಳಲ್ಲಿ ಹುಟ್ಟಿದ ಬಾಳೂ, ಚರ್ಮದ ಕೆಲಸದವರೆಂದು ಸಮಾಜವು ದೂರವಿರಿಸಿದ್ದ ಕುಲದವರು. ಪಾಲವಣ ಎಂಬುದು ಕೊಂಕಣ ಸೀಮೆಯಲ್ಲಿ ಅವರ ಮನೆತನದ ಮೂಲ ಹಳ್ಳಿ. ಸಂಸಾರ ಪುಣೆಯಲ್ಲಿ ನೆಲೆಸಿತು. ಅಲ್ಲಿ ಪಾರಸಿಗಳ ಕ್ಲಬ್ಬೊಂದರಲ್ಲಿ ಕಸ ಗುಡಿಸಿ ರೋಲರು ಎಳೆಯುವ ಕೆಲಸಕ್ಕೆ ಸೇರಿದಾಗ ಬಾಳೂ ಅವರಿಗೆ ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಅದು 4 ರೂಪಾಯಿ ಆಯಿತು. ಕ್ರಿಕೆಟಿನ ನೆಲಕ್ಕೆ ಗೆರೆ ಹಾಕುವುದು, ಬಲೆ ಕಟ್ಟುವುದು, ಬೇಕಾದಾಗ ಟೆನ್ನಿಸ್ ಅಂಗಳಕ್ಕೂ ಸುಣ್ಣದ ಗೆರೆ ಎಳೆಯುವುದು ಅವರ ಕೆಲಸ.

ಬಿಳಿಯ ಅಧಿಕಾರಿಗಳು ಬ್ಯಾಟಿಂಗಿನ ಅಭ್ಯಾಸಕ್ಕೆ ಬಂದಾಗ ಚೆಂಡೆಸೆಯಲು ಆಳು ಬೇಕಾಗಿತ್ತು. ಬಾಳೂ ಎಡಗೈಯಿಂದ ಎಸೆದ ನಿಧಾನದ ಚೆಂಡು ನೆಲ ಮುಟ್ಟಿ ತಿರುಗುತ್ತಿತ್ತು. ಗ್ರೇಗ್ ಎಂಬ ಹೆಸರಾಂತ ಆಟಗಾರ ತಾನು ಔಟಾದ ಪ್ರತಿಸಲವೂ ಎಂಟಾಣೆ ಕೊಡುತ್ತಿದ್ದನೆಂಬ ಮಾತಿದೆ. ಹೀಗೆ ಗಂಟೆಗಟ್ಟಲೆ ಎಸೆದೆಸೆದು ಅವರ ಕೈ ಪಳಗಿತು. ಬ್ಯಾಟು ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ.

ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವಿದ್ದ ಪುಣೆಯ ಹಿಂದೂ ಕ್ಲಬ್ಬಿನವರಿಗೆ ಇಂಥ ಬೌಲರು ಬೇಕಾಗಿತ್ತು; ಆದರೆ ಜಾತಿ ಅಡ್ಡ ಬಂದಿತು. ವಾದ ವಿವಾದಗಳಾಗಿ ಕೊನೆಗೆ ಸೇರಿಸಿಕೊಂಡರು. ಅಂಗಳದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ಚಹಾದ ವೇಳೆಗೆ ಮಾತ್ರ ಬಾಳೂ ಪೆವಿಲಿಯನ್ನಿನ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು. ಊಟಕ್ಕೂ ಬೇರೆಯೇ ಏರ್ಪಾಡು. ಒಬ್ಬನ ಬೆವರಿನಿಂದ ಗೆಲ್ಲಬಹುದು, ಅವನ ಜೊತೆ ಕುಳಿತು ಉಣ್ಣಲಾಗದು ಎಂಬ ಈ ನ್ಯಾಯ ಎಂಥದು!

ಮುಂದೆ ಪುಣೆಯಲ್ಲಿ ಪ್ಲೇಗು ಹಬ್ಬಿದ ಕಾಲದಲ್ಲಿ ಅವರು ಮುಂಬಯಿಗೆ ಬಂದು, ರೈಲ್ವೆಯಲ್ಲಿ ನೌಕರಿ ಮಾಡುತ್ತ ಅಲ್ಲಿಯ ಹಿಂದೂ ಜಿಮ್ಖಾನಾದ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆಳುವವರನ್ನು ಆಟದಲ್ಲಾದರೂ ಮಣಿಸಿದ ಆ ಗೆಲುವಿನಲ್ಲಿ ಬಾಳೂ ಅವರ ಪಾತ್ರ ದೊಡ್ಡದು. ಅವರ ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲರೂ ಒಬ್ಬರ ಹಿಂದೊಬ್ಬರು ಹೆಸರಾಂತ ಆಟಗಾರರಾದರು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಹಿಂದುಸ್ಥಾನದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೆ ಬಾಳೂ ಒಬ್ಬರೇ ಎಲ್ಲ ಪಂದ್ಯಗಳಿಂದ 114 ವಿಕೆಟುಗಳನ್ನು ಪಡೆದರು. ಒಂದೊಂದು ವಿಕೆಟಿಗೆ ಸರಾಸರಿ 19 ರನ್ನುಗಳನ್ನೂ ಕೊಡಲಿಲ್ಲ. ಆಗ ಅವರ ವಯಸ್ಸು ಮೂವತ್ತೈದರ ಆಚೆ ಈಚೆ. ಒಟ್ಟು 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರು ಗಳಿಸಿದ್ದು 179 ವಿಕೆಟು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅವರಿಗಿಂತ ಕಿರಿಯರು, ಕಡಮೆ ಅನುಭವದವರು ನಾಯಕರಾದರು. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ವಿಠ್ಠಲ, ಶಿವರಾಮರು ತಂಡದಿಂದ ಹಿಂದೆ ಸರಿದರು. ಕೊನೆಗೆ ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ನಾಯಕ ಅಂಗಳ ಬಿಟ್ಟಾಗ ಸ್ವಲ್ಪ ಹೊತ್ತು ಅವರು ತಂಡವನ್ನು ನಡೆಸಿದರು. ಅಣ್ಣನಿಗೆ ಪೂರ್ಣವಾಗಿ ದೊರೆಯದ ಪದವಿ 1923ರಲ್ಲಿ ತಮ್ಮ ವಿಠ್ಠಲನಿಗೆ ದೊರೆಯಿತು.

ಇಲ್ಲಿಂದ ಮುಂದಿನ ಕಥೆ ಬರೆಯುವಾಗ ನನ್ನ ಲೇಖನಿ ತಡೆಯುತ್ತದೆ. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಒಬ್ಬರು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂಬುದು ಅವರ ನಿಲುವಾಗಿತ್ತು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಡಾ. ಅಂಬೇಡ್ಕರರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರರಿಗೆ 13,245, ಬಾಳೂ ಅವರಿಗೆ 11,225 ಮತಗಳು ಬಂದವು. ನನ್ನ ಹಾಸ್ಟೆಲಿನ ಗೋಡೆಯ ಮೇಲೆ ಅಂಬೇಡ್ಕರರ ಚಿತ್ರವಿದೆ. ಅವರ ಎದುರು ನಿಂತ ಬಾಳೂ ಅವರ ಮೇಲೆ ಮೊದಲು ನನಗೆ ಸಿಟ್ಟು ಬಂದದ್ದು ನಿಜ. ಆದರೆ ಒಂದೇ ನೋವನ್ನು ಉಂಡವರೆಲ್ಲ ಒಂದೇ ದಾರಿಯನ್ನು ಹಿಡಿಯಬೇಕೆಂಬ ನಿಯಮವಿಲ್ಲ. ಅವರು ಹಿಡಿದ ದಾರಿಯನ್ನು ಒಪ್ಪದೆಯೂ ಅವರು ನಡೆದ ದೂರವನ್ನು ಗೌರವಿಸಬಹುದೆಂದು ಈಗ ನನಗೆ ತೋರುತ್ತದೆ. 1955ರ ಜುಲೈ 4ರಂದು ಬಾಳೂ ಮುಂಬಯಿಯಲ್ಲಿ ತೀರಿಕೊಂಡರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಮಣ್ಣಿನ ಕುಡಿಕೆಯ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ತಾನು ಹುಡುಗನಾಗಿದ್ದಾಗ ಒಂದು ಚಹಾದಂಗಡಿಯಲ್ಲಿ ನಮ್ಮ ಓಣಿಯವರಿಗೆಂದೇ ಬೇರೆ ಕಪ್ಪುಗಳಿದ್ದವೆಂದೂ, ಕುಡಿದ ಮೇಲೆ ತಾವೇ ತೊಳೆದಿಡಬೇಕಿತ್ತೆಂದೂ ಹೇಳಿದ. ಅಷ್ಟು ದಿನವೂ ಆ ಮಾತನ್ನು ಅವನು ಮನೆಯಲ್ಲಿ ಆಡಿರಲಿಲ್ಲ. ಬಳಿಕ, ಆ ಮನುಷ್ಯ ಕೊನೆಗೆ ನಾಯಕನಾದನೇ ಎಂದು ಕೇಳಿದ. ಅವನು ಆಗಲಿಲ್ಲ, ಅವನ ತಮ್ಮ ಆದ ಎಂದೆ. ಅಪ್ಪ ತಲೆಯಾಡಿಸಿ, ಸಲಿಕೆ ಹೆಗಲಿಗೇರಿಸಿಕೊಂಡು ಗದ್ದೆಗೆ ನೀರು ಕಟ್ಟಲು ಹೊರಟ. ಪರೀಕ್ಷೆಯ ಪುಸ್ತಕ ತೆಗೆದು ನಾನು ಓದಲು ಕುಳಿತೆ.