ಪುರಭವನವನ್ನೇ ಅರಮನೆ ಮಾಡಿಕೊಂಡ ರಾಜ: ಅಣ್ಣನಿಂದಲೇ ಪಟ್ಟ ಏರಿ, ಅಣ್ಣನಿಂದಲೇ ಇಳಿದ ಲೂಯಿ ಬೋನಪಾರ್ಟೆ

ಆಮ್‌ಸ್ಟರ್‌ಡ್ಯಾಮ್‌ನ ಡ್ಯಾಮ್ ಚೌಕದಲ್ಲಿರುವ ಅರಮನೆಯನ್ನು ಕಟ್ಟಿಸಿದ್ದು ಯಾವ ರಾಜನೂ ಅಲ್ಲ. ಅದು ಮೂಲತಃ ವ್ಯಾಪಾರಿಗಳ ಊರಿನ ಪುರಭವನ. ಯಾಕೋಬ್ ವಾನ್ ಕಾಂಪೆನ್ ವಿನ್ಯಾಸದಲ್ಲಿ 1648ರಲ್ಲಿ ಕೆಲಸ ಶುರುವಾಗಿ 1655ರಲ್ಲಿ ಉದ್ಘಾಟನೆಯಾಯಿತು. ಕೆಸರು ನೆಲದಲ್ಲಿ 13,659 ಮರದ ಕಂಬಗಳನ್ನು ಹೂತು ಅದರ ಮೇಲೆ ಎಬ್ಬಿಸಿದ ಕಟ್ಟಡವಿದು. ಒಂದೂವರೆ ಶತಮಾನ ಊರಿನ ಆಡಳಿತ ನಡೆದದ್ದು, ಮರಣದಂಡನೆ ಘೋಷಣೆಯಾಗುತ್ತಿದ್ದದ್ದು ಇಲ್ಲಿಯೇ. 1808ರಲ್ಲಿ ಅಧಿಕಾರಿಗಳೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಕಾರಣ, ನೆಪೋಲಿಯನ್‌ನ ತಮ್ಮ ಲೂಯಿ ಬೋನಪಾರ್ಟೆ.

ಲೂಯಿ ಹುಟ್ಟಿದ್ದು 1778ರ ಸೆಪ್ಟೆಂಬರ್ 2ರಂದು, ಕಾರ್ಸಿಕಾ ದ್ವೀಪದ ಅಜಾಕ್ಸಿಯೊದಲ್ಲಿ. ನೆಪೋಲಿಯನ್ ಸಣ್ಣ ಸೇನಾಧಿಕಾರಿಯಾಗಿದ್ದಾಗ ತಮ್ಮನನ್ನು ಜೊತೆಗಿಟ್ಟುಕೊಂಡು, ತನ್ನ ಅಲ್ಪ ಸಂಬಳದಲ್ಲೇ ಸಾಕಿ ಓದಿಸಿದ್ದ. ಆ ಋಣ ಲೂಯಿಯನ್ನು ಬಹುಕಾಲ ಬಿಡಲಿಲ್ಲ. ಮದುವೆಯೂ ಅಣ್ಣನ ಇಚ್ಛೆಯಂತೆಯೇ ನಡೆಯಿತು. 1802ರಲ್ಲಿ ನೆಪೋಲಿಯನ್‌ನ ಪತ್ನಿ ಜೋಸೆಫೀನ್‌ಳ ಮೊದಲ ಮದುವೆಯ ಮಗಳು ಹೊರ್ಟೆನ್ಸ್‌ಳನ್ನು ಕಟ್ಟಿಕೊಂಡ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ.

1806ರ ಜೂನ್‌ನಲ್ಲಿ ಅಣ್ಣ ಆತನನ್ನು ಹಾಲೆಂಡಿನ ರಾಜನನ್ನಾಗಿ ಕೂರಿಸಿದ. ಲೆಕ್ಕಾಚಾರ ಸ್ಪಷ್ಟವಿತ್ತು: ತಮ್ಮ ಹೇಳಿದಂತೆ ಕೇಳುತ್ತಾನೆ. ಆದರೆ ಲೂಯಿ ಡಚ್ಚರ ರಾಜನಾಗಲು ಹೊರಟ. ಹೆಸರನ್ನು ಡಚ್ಚರಂತೆ ಲೋಡೆವೈಕ್ ಎಂದು ಬರೆದುಕೊಂಡ, ಕವಿ ಬಿಲ್ಡರ್‌ಡೈಕ್ ಬಳಿ ಭಾಷೆ ಕಲಿಯತೊಡಗಿದ. ಉಚ್ಚಾರ ತಪ್ಪಿ ತನ್ನನ್ನು ಹಾಲೆಂಡಿನ ರಾಜ ಎನ್ನುವ ಬದಲು ಹಾಲೆಂಡಿನ ಮೊಲ ಎಂದುಕೊಂಡ ಎಂಬ ಕತೆ ಇಂದಿಗೂ ಅಲ್ಲಿ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಜನ ಅದನ್ನು ಹೇಳಿಕೊಳ್ಳುವುದು ಪ್ರೀತಿಯಿಂದಲೇ.

ಪ್ರೀತಿಗೆ ಕಾರಣವಿತ್ತು. 1807ರ ಜನವರಿ 12ರಂದು ಲೈಡನ್ ಪಟ್ಟಣದ ನಡುವೆ ಮದ್ದಿನಪುಡಿ ತುಂಬಿದ್ದ ಹಡಗು ಸ್ಫೋಟಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಹೊಸ ರಾಜ ಅದೇ ರಾತ್ರಿ ಅಲ್ಲಿಗೆ ಧಾವಿಸಿ ಪರಿಹಾರ ಕಾರ್ಯಕ್ಕೆ ನಿಂತ. ಅದೇ ವರ್ಷ ಮೇ ತಿಂಗಳಲ್ಲಿ ಆತನ ಹಿರಿಯ ಮಗ, ಇನ್ನೂ ನಾಲ್ಕು ವರ್ಷದ ಹುಡುಗ, ಹೇಗ್ ನಗರದಲ್ಲಿ ಗಂಟಲು ಕಾಯಿಲೆಯಿಂದ ತೀರಿಕೊಂಡ. ಲೂಯಿಗೆ ಹೇಗ್‌ನಲ್ಲಿ ನೆಲೆ ನಿಲ್ಲಲಾಗಲಿಲ್ಲ. ಉಟ್ರೆಕ್ಟ್‌ಗೆ ಹೋದ, ಅಲ್ಲಿಂದ 1808ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದ.

ಪುರಭವನ ಅರಮನೆಯಾದದ್ದು ಹೀಗೆ. ವಿಶಾಲ ಮೊಗಸಾಲೆಗಳಿಗೆ ಮರದ ಗೋಡೆ ಅಡ್ಡ ಹಾಕಿ ಕೋಣೆ ಮಾಡಲಾಯಿತು, ತಣ್ಣನೆಯ ಅಮೃತಶಿಲೆಯ ಮೇಲೆ ರತ್ನಗಂಬಳಿ ಬಿತ್ತು, ಮುಂಭಾಗಕ್ಕೆ ಬಾಲ್ಕನಿ ಬಂತು. ನೋಟಕ್ಕೆ ಅಡ್ಡವೆಂದು ಎದುರಿಗಿದ್ದ ತೂಕದ ಕಟ್ಟೆಯ ಹಳೆಯ ಕಟ್ಟಡವನ್ನೇ ಕೆಡವಿಸಿದ. ವ್ಯಾಪಾರವೇ ಉಸಿರಾಗಿದ್ದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಅದೇ ಅರಮನೆಯೊಳಗೆ ಆತ ತೆರೆದ ವಸ್ತುಸಂಗ್ರಹಾಲಯದಲ್ಲಿ ರೆಂಬ್ರಾಂಟ್‌ನ 'ನೈಟ್ ವಾಚ್' ಇತ್ತು; ಇಂದಿನ ರೈಕ್ಸ್‌ಮ್ಯೂಸಿಯಂ ಬೆಳೆದದ್ದು ಅದರಿಂದಲೇ.

ಆತನನ್ನು ಬರೀ ಒಳ್ಳೆಯ ರಾಜ ಎಂದುಬಿಡುವಂತೆಯೂ ಇಲ್ಲ. ಜಾವಾ ದ್ವೀಪಕ್ಕೆ ಡಾಂಡೆಲ್ಸ್‌ನನ್ನು ಗವರ್ನರ್ ಜನರಲ್ ಆಗಿ ನೇಮಿಸಿದವನು ಇದೇ ಲೂಯಿ. ಅಲ್ಲಿ ಬಿಟ್ಟಿ ದುಡಿಮೆಯಿಂದ ಸಾವಿರ ಕಿಲೋಮೀಟರ್ ರಸ್ತೆ ಮಾಡಿಸುವಾಗ ಸತ್ತವರ ಪಾಲಿಗೆ ಈ ಕರುಣೆ ತಲುಪಲಿಲ್ಲ.

ಅಣ್ಣನೊಂದಿಗೆ ಮುರಿದುಬಿದ್ದದ್ದು ಬ್ರಿಟನ್ ವ್ಯಾಪಾರದ ಮೇಲಿನ ನಿಷೇಧದಿಂದ. ಪಾಲಿಸಿದರೆ ಡಚ್ಚರ ಬಂದರುಗಳು ಸಾಯುತ್ತವೆ, ಪಾಲಿಸದಿದ್ದರೆ ಸಿಂಹಾಸನ ಉಳಿಯದು. ಕಳ್ಳಸಾಗಣೆಯ ವಿಷಯದಲ್ಲಿ ಲೂಯಿ ಸಡಿಲ ಬಿಟ್ಟ. ನೆಪೋಲಿಯನ್ ಮೊದಲು ದಕ್ಷಿಣದ ಪ್ರದೇಶ ಕಿತ್ತುಕೊಂಡ, ಆಮೇಲೆ ಸೈನ್ಯವನ್ನು ಆಮ್‌ಸ್ಟರ್‌ಡ್ಯಾಮ್ ಕಡೆಗೇ ತಿರುಗಿಸಿದ. 1810ರ ಜುಲೈ 1ರಂದು ಹಾರ್ಲೆಮ್‌ನಲ್ಲಿ ಲೂಯಿ ಐದು ವರ್ಷದ ಮಗನಿಗೆ ಪಟ್ಟ ಬಿಟ್ಟು ರಾತ್ರೋರಾತ್ರಿ ಹೊರಟ. ಒಂಬತ್ತೇ ದಿನದಲ್ಲಿ ದೇಶ ಫ್ರಾನ್ಸ್‌ಗೆ ಸೇರಿಹೋಯಿತು.

ಉಳಿದ ಬದುಕು ಆಸ್ಟ್ರಿಯಾ, ಇಟಲಿಗಳಲ್ಲಿ ಓದು-ಬರಹದಲ್ಲಿ ಕಳೆಯಿತು. 1840ರಲ್ಲಿ ಬೇರೆ ಹೆಸರಿನಲ್ಲಿ ಹಾಲೆಂಡಿಗೆ ಬಂದಾಗ ಜನ ಗುರುತು ಹಿಡಿದು, ಆತ ತಂಗಿದ್ದ ಹೋಟೆಲಿನ ಕಿಟಕಿ ಕೆಳಗೆ ಸೇರಿ ಜೈಕಾರ ಹಾಕಿದರು. 1846ರ ಜುಲೈ 25ರಂದು ಲಿವೊರ್ನೊದಲ್ಲಿ ಲೂಯಿ ಕೊನೆಯುಸಿರೆಳೆದ. ಮಗ ಮೂರನೇ ನೆಪೋಲಿಯನ್ ಚಕ್ರವರ್ತಿಯಾದದ್ದನ್ನು ಕಾಣಲಿಲ್ಲ.

ಪುರಭವನ ಮಾತ್ರ ಊರಿನ ಕೈಗೆ ಮತ್ತೆ ಪೂರ್ತಿ ದಕ್ಕಲಿಲ್ಲ. ನಂತರ ಬಂದ ಡಚ್ ರಾಜವಂಶವೂ ಅದನ್ನು ಅರಮನೆಯಾಗಿಯೇ ಬಳಸಿತು. 1936ರಲ್ಲಿ ಸರ್ಕಾರ ನಗರಕ್ಕೆ ಒಂದು ಕೋಟಿ ಗಿಲ್ಡರ್ ಕೊಟ್ಟು ಕೊಂಡುಕೊಂಡಿತು. ಲೂಯಿ ಬಿಟ್ಟುಹೋದ ಕುರ್ಚಿ, ಗಡಿಯಾರ, ತೂಗುದೀಪಗಳು ಈಗಲೂ ಒಳಗಿವೆ.